ಎದುರಿನಿಂದ ಬಂದ ವಯರು

ಹೆಬ್ಬೆರಳು ಮತ್ತು ತೋರುಬೆರಳ ನಡುವೆ ವಯರಿನ ತುದಿಯನ್ನು ಹಿಡಿದು, ತುಸು ಮೇಲಕ್ಕೆತ್ತಿ, ಎಡಕ್ಕೆ ಒತ್ತಿದರೆ ಚಿತ್ರ ಬರುತ್ತಿತ್ತು. ಬಿಟ್ಟರೆ ಹೋಗುತ್ತಿತ್ತು. ರುಕಿಯಾ ಗೋಡೆಗೆ ಭುಜ ಕೊಟ್ಟು ನಿಂತು, ಕತ್ತು ಓರೆ ಮಾಡಿ, ಟೀವಿಯನ್ನು ಬದಿಯಿಂದಲೇ ನೋಡುತ್ತಿದ್ದಳು. ಧಾರಾವಾಹಿಯ ಅತ್ತೆ ಏನೋ ಹೇಳಲು ಬಾಯಿ ತೆರೆದವಳು ಹಾಗೆಯೇ ಚೌಕ ಚೌಕವಾಗಿ ಒಡೆದುಹೋದಳು. ರುಕಿಯಾ ಬೆರಳನ್ನು ಇನ್ನಷ್ಟು ಒತ್ತಿದಳು. ಅತ್ತೆಯ ಅರ್ಧ ಮುಖ ಮರಳಿತು, ಮಾತು ಮಾತ್ರ ಬರಲಿಲ್ಲ. ತೋಳಿನ ಒಳಗೆಲ್ಲ ಇರುವೆ ಹರಿದಂತಾಗುತ್ತಿತ್ತು. ಅಷ್ಟರಲ್ಲಿ ಎದುರಿನ ಕೋಣೆಯಿಂದ ಮಂಚದ ಕಬ್ಬಿಣಕ್ಕೆ ಸ್ಟೀಲ್ ಲೋಟ ಬಡಿಯುವ ಸದ್ದು ಕೇಳಿಸಿತು. ಮಾವ ಎಚ್ಚರಾಗಿದ್ದರು.

ಅವಳು ವಯರನ್ನು ಬಿಟ್ಟಳು. ಪರದೆ ನೀಲಿಯಾಯಿತು.

ಮನೆ ಫರಂಗಿಪೇಟೆಯಲ್ಲಿ, ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಮಾವ ಮಹಮ್ಮದ್ ಕುಂಞಿಯವರು ಪ್ರಾಯದಲ್ಲಿ ಹೆಂಚಿನ ಕಾರ್ಖಾನೆಗಳಿಗೆ ದೋಣಿಯಲ್ಲಿ ಆವೆಮಣ್ಣು ಸಾಗಿಸುತ್ತಿದ್ದವರು. ಕೆಂಪುಕಲ್ಲಿನ ದಪ್ಪ ಗೋಡೆ ಎಬ್ಬಿಸಿ, ಕಾರ್ಖಾನೆಯ ಹೆಂಚನ್ನೇ ಹೊದಿಸಿ ಕಟ್ಟಿದ ಮನೆ ಅದು. ಒಂದು ಮಗ್ಗುಲಲ್ಲಿ ಅಕ್ಕಿ ಗೋದಾಮಿನ ಗೋಡೆ ಒತ್ತಿಕೊಂಡು ನಿಂತಿತ್ತು. ಇನ್ನೊಂದು ಮಗ್ಗುಲಲ್ಲಿ ಮಾಡಿನ ಮೇಲೇ ಸೋಗೆ ಉದುರಿಸುವ ತೆಂಗಿನ ಮರಗಳು. ಎದುರಿಗೆ ಚಿಕ್ಕ ಅಂಗಳ, ಗೇಟು, ದಾರಿ, ದಾರಿಯ ಬದಿಯಲ್ಲಿ ಕಂಬ.

ಟೀವಿ ಈ ಮನೆಗೆ ಬಂದದ್ದು ಅತ್ತೆ ನಬೀಸಾ ಬದುಕಿದ್ದ ಕಾಲದಲ್ಲಿ. ಆಗ ಮಹಮ್ಮದ್ ಕುಂಞಿಯವರು ಮಸೀದಿಯ ಕಮಿಟಿಯಲ್ಲಿದ್ದರು. ಮಕ್ಕಳ ಓದು ಹಾಳಾಗುತ್ತದೆ, ಮನೆಯೊಳಗೆ ಬೇಡದ್ದೆಲ್ಲ ಬರುತ್ತದೆ ಎಂದು ಕೇರಿಯ ಮನೆಗಳಿಗೆ ತಾವೇ ಹೋಗಿ ಹೇಳಿ ಬಂದವರು. ಅಂಥವರ ಇಬ್ಬರು ಗಂಡುಮಕ್ಕಳೇ ಒಂದು ದಿನ ಆಟೋದಲ್ಲಿ ಟೀವಿ ಹೊತ್ತು ತಂದರು. ಮಹಮ್ಮದ್ ಕುಂಞಿಯವರು ಬೈಯಲಿಲ್ಲ. ಅಡುಗೆಕೋಣೆಯ ಪಕ್ಕದಲ್ಲಿ ಟೀವಿ ಇಟ್ಟ ಕೋಣೆಗೆ ಕಾಲಿಡುವುದನ್ನು ನಿಲ್ಲಿಸಿದರು, ಅಷ್ಟೆ. ಅದರ ಅರ್ಥ ನಬೀಸಾಗೆ ತಿಳಿಯಿತು. ಕೇಬಲ್ಲು ಹಿಂದಿನ ಓಣಿಯಿಂದ ಬಂತು. ಹಲಸಿನ ಮರ ಸುತ್ತಿ, ಬಚ್ಚಲಿನ ಮಾಡು ದಾಟಿ, ಅಡುಗೆಕೋಣೆಯ ಹೊಗೆಗಿಂಡಿಯಲ್ಲಿ ಒಳನುಗ್ಗಿತು. ಎದುರಿನಿಂದ ನೋಡುವವರಿಗೆ ಆ ಮನೆಯಲ್ಲಿ ಟೀವಿ ಇರುವ ಯಾವ ಗುರುತೂ ಇರಲಿಲ್ಲ. ಅತ್ತೆ ಸೊಸೆ ಇಬ್ಬರೂ ದನಿ ತಗ್ಗಿಸಿ, ಬಾಗಿಲು ಎಳೆದುಕೊಂಡು ನೋಡಿದರು. ನಬೀಸಾ ತೀರಿಹೋದ ಮೇಲೆ ರುಕಿಯಾ ಒಬ್ಬಳೇ ನೋಡಿದಳು.

ಎರಡು ವರ್ಷ ಹಿಂದಿನ ಮಳೆಗಾಲದಲ್ಲಿ ಮಾವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಲ್ಲಿಂದೀಚೆಗೆ ಎದುರಿನ ಕೋಣೆಯ ಕಿಟಕಿಯ ಬದಿಯ ಮಂಚವೇ ಅವರ ಜಾಗ. ಬುದ್ಧಿ ಚುರುಕಾಗಿಯೇ ಇತ್ತು, ದೇಹ ಮಾತ್ರ ಕೇಳುತ್ತಿರಲಿಲ್ಲ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬಟ್ಟೆ ತೆಗೆದು ಒಗೆಯುವುದು, ಎಲ್ಲವೂ ರುಕಿಯಾಳ ಪಾಲಿಗೆ ಬಂತು. ಮೈದುನ ಮಂಗಳೂರಿನಿಂದ ಆಗಾಗ ಮೂಸಂಬಿ ತಂದು ಮಂಚದ ಕಾಲಬುಡದಲ್ಲಿ ಕೂತು ಹೋಗುತ್ತಿದ್ದ. ಮಧ್ಯಾಹ್ನದ ಗಂಜಿಯ ನಂತರ ಮಾವ ಕಣ್ಣು ಮುಚ್ಚುವ ಆ ಸ್ವಲ್ಪ ಹೊತ್ತು ಮಾತ್ರ ಅವಳದ್ದು. ಈಗ ಅದನ್ನೂ ಅವಳು ವಯರು ಹಿಡಿದು ನಿಂತು ಕಳೆಯಬೇಕಾಗಿತ್ತು.

ವಿಟ್ಲಕ್ಕೆ ಕೊಟ್ಟಿದ್ದ ಮಗಳು ರಿಫಾ ಫೋನಿನಲ್ಲಿ ಹೇಳಿದ್ದಳು: "ಮೊಬೈಲಿನಲ್ಲೇ ನೋಡು ಉಮ್ಮಾ. ಈಗ ಯಾರು ಕೇಬಲ್ ನೋಡ್ತಾರೆ?"

"ಇಲ್ಲಿ ನಿನ್ನ ಹತ್ತಿರ ಮಾತಾಡ್ಲಿಕ್ಕೇ ಬಾವಿಕಟ್ಟೆಗೆ ಬರ್ಬೇಕು ನಾನು. ಗೋಡೆಯ ಒಳಗೆ ಸಿಗ್ನಲಿನ ಒಂದು ಕಡ್ಡಿಯೂ ಬರುವುದಿಲ್ಲ. ಅಷ್ಟು ಸಣ್ಣದರಲ್ಲಿ ಕಣ್ಣೂ ಹಿಡಿಯುವುದಿಲ್ಲ" ಎಂದಳು ರುಕಿಯಾ.

ಕೇಬಲಿನ ಸುಬ್ಬಯ್ಯನಿಗೆ ಎಷ್ಟು ಸಲ ಫೋನು ಮಾಡಿದರೂ "ನಾಳೆ ಬರ್ತೇನೆ ಅಕ್ಕಾ" ಎಂಬ ಉತ್ತರವೇ ಬರುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಅವನು ಹಿಂದಿನ ಓಣಿಯಿಂದಲೇ ಬಂದ. ಕೂದಲೆಲ್ಲ ನರೆತಿತ್ತು. ಒಂದು ಮಂಡಿಗೆ ಪಟ್ಟಿ ಕಟ್ಟಿದ್ದ. ಕೈಯಲ್ಲಿ ಸಿಗ್ನಲ್ ಅಳೆಯುವ ಹಳದಿ ಮೀಟರು. ಹಲಸಿನ ಬುಡದಲ್ಲಿ, ಬಚ್ಚಲಿನ ಮಾಡಿನ ಬಳಿ, ಹೊಗೆಗಿಂಡಿಯಲ್ಲಿ ಒಂದೊಂದೇ ಜೋಡಣೆ ಬಿಚ್ಚಿ ಮೀಟರಿಗೆ ಹಾಕಿ ನೋಡಿದ. ಕೆಲವು ಜೋಡಣೆಗಳು ತುಕ್ಕು ಹಿಡಿದು ಪುಡಿಯಾಗುತ್ತಿದ್ದವು. ಮಾಡಿನ ಮೇಲಿನ ವಯರನ್ನು ಅಳಿಲು ಕಡಿದು ಒಳಗಿನ ತಾಮ್ರ ಕಾಣುತ್ತಿತ್ತು. ಕಡಿದಲ್ಲೆಲ್ಲ ಟೇಪು ಸುತ್ತಿ, ಒಂದೆರಡು ಜೋಡಣೆ ಬದಲಿಸಿ, ಒಳಗೆ ಬಂದು ಟೀವಿ ಹಾಕಿದ. ಚಿತ್ರ ಬಂತು. ಅವನು ಚಾ ಕುಡಿದು ಮುಗಿಸುವ ಮೊದಲೇ ಒಡೆಯಿತು.

"ಕಂಬದಲ್ಲಿ ಸಿಗ್ನಲ್ ಉಂಟು ಅಕ್ಕಾ. ಇಲ್ಲಿಗೆ ಬರುವಾಗ ಸತ್ತುಹೋಗ್ತದೆ" ಎಂದ ಸುಬ್ಬಯ್ಯ, ಅಡುಗೆಕೋಣೆಯ ಮೆಟ್ಟಿಲಲ್ಲಿ ಕಾಲು ನೀವಿಕೊಳ್ಳುತ್ತ. "ಈ ವಯರು ಎಳೆದದ್ದೇ ನಾನು, ಗೊತ್ತುಂಟಾ? ನಿಮ್ಮ ಅತ್ತೆ ಶುಕ್ರವಾರ ಬರ್ಲಿಕ್ಕೆ ಹೇಳಿದ್ರು, ಯಜಮಾನ್ರು ಜುಮಾಕ್ಕೆ ಹೋದ ಹೊತ್ತಿಗೆ. ಆಗ ಆ ಹಲಸಿಗೆ ಏಣಿ ಇಲ್ಲದೆ ಹತ್ತಿದವ ನಾನು. ಈಗ ನಿಮ್ಮ ಮೆಟ್ಲು ಹತ್ತುವಾಗ ಎರಡು ಸಲ ಯೋಚನೆ ಮಾಡ್ತೇನೆ."

"ಹೊಸ ವಯರು ಹಾಕ್ಲಿಕ್ಕೆ ಆಗುವುದಿಲ್ವಾ?"

"ಹಾಕ್ಬಹುದು. ಹಿಂದಿನಿಂದ ಅಲ್ಲ. ಓಣಿಯ ಲೈನಿನಲ್ಲಿ ಈಗ ಇರುವುದು ನಿಮ್ಮದೊಂದೇ ಮನೆ. ಉಳಿದವರೆಲ್ಲ ಬಿಟ್ಟಾಯ್ತು. ಓಣಿಗೆ ಕಾಂಕ್ರೀಟು ಹಾಕುವಾಗ ಕಂಬವೂ ತೆಗೀತಾರಂತೆ. ನಾನು ಅದನ್ನು ರಿಪೇರಿ ಮಾಡ್ತಾ ಕೂತ್ರೆ ನನಗೂ ಸಮ ಆಗ್ಲಿಕ್ಕಿಲ್ಲ, ನಿಮಗೂ ಸಮ ಆಗ್ಲಿಕ್ಕಿಲ್ಲ." ಅವನು ಎದುರಿನ ಕಡೆಗೆ ಕೈ ತೋರಿಸಿದ. "ಎದುರಿನ ಕಂಬದಲ್ಲಿ ಹೊಸ ಫೈಬರ್ ಲೈನು ಉಂಟು. ಅಲ್ಲಿಂದ ಅಂಗಳದ ಮೇಲಿಂದ ತಂದು, ಕಿಟಕಿಯ ಮೇಲೆ ತೂತು ಮಾಡಿ ಒಳಗೆ ಎಳೆದ್ರೆ ಅರ್ಧ ದಿನದ ಕೆಲಸ. ಕನ್ನಡಿಯ ಹಾಗೆ ಬರ್ತದೆ."

"ಬದಿಯಿಂದ ತಂದ್ರೆ?"

"ಒಂದು ಬದಿಯಲ್ಲಿ ಗೋದಾಮು. ಇನ್ನೊಂದು ಬದಿಯಲ್ಲಿ ಸೋಗೆ ಬಿದ್ದು ತಿಂಗಳಿಗೊಮ್ಮೆ ತುಂಡಾಗ್ತದೆ. ತುಂಡಾದ್ರೆ ಪುನಃ ನಾನೇ ಹತ್ತಬೇಕು. ಮಾವನ ಹತ್ರ ಒಂದು ಮಾತು ಕೇಳಿ."

ಮಾವನ ಹತ್ತಿರ ಆ ಮಾತನ್ನು ಆ ಮನೆಯಲ್ಲಿ ಇದುವರೆಗೆ ಯಾರೂ ಎತ್ತಿರಲಿಲ್ಲ.

ಗಂಡ ಅಬ್ದುಲ್ ಶುಕೂರ್ ಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟಿದ್ದ. ಅವನು ಸಂಜೆ ಬಂದು ತಟ್ಟೆಯ ಮುಂದೆ ಕೂತಾಗ ರುಕಿಯಾ ವಿಷಯ ತೆಗೆದಳು.

"ಬಾಪ ಇರುವಷ್ಟು ದಿನ ಅದೆಲ್ಲ ಎಂತಕ್ಕೆ? ಆಮೇಲೆ ನೋಡುವ" ಎಂದ ಶುಕೂರ್, ಮೀನಿನ ಮುಳ್ಳು ಬಿಡಿಸುತ್ತ.

ಆ ಮಾತು ರುಕಿಯಾಳಿಗೆ ಹೊಸದಲ್ಲ. ಸೋರುವ ಹೆಂಚು ತೆಗೆದು ಹೊಸದು ಹೊದಿಸುವುದು ಆಮೇಲೆ. ಅಡುಗೆಕೋಣೆಗೆ ನಿಂತು ತೊಳೆಯುವ ಹಾಗೆ ಸಿಂಕು ಹಾಕಿಸುವುದು ಆಮೇಲೆ. ವಿಟ್ಲಕ್ಕೆ ಹೋಗಿ ಮಗಳ ಮನೆಯಲ್ಲಿ ನಾಲ್ಕು ದಿನ ಇರುವುದೂ ಆಮೇಲೆ. ಪಾತ್ರೆ ತೊಳೆಯುವಾಗ ಅವಳಿಗೆ ಒಮ್ಮೆಲೇ ಆ ಮಾತಿನ ಅರ್ಥ ನೆಟ್ಟಗೆ ಎದುರಿಗೆ ಬಂದು ನಿಂತಿತು. ಆಮೇಲೆ ಎಂದರೆ ಮಾವ ಸತ್ತ ಮೇಲೆ. ಬೇಕಾದದ್ದನ್ನೆಲ್ಲ ಆ ಒಂದು ದಿನದ ಆಚೆಗೆ ಇಟ್ಟುಕೊಂಡು, ಬೆಳಗಾದರೆ ಅದೇ ಮುದುಕರಿಗೆ ಗಂಜಿ ಕುಡಿಸುತ್ತಿದ್ದೇನೆ. ಅವಳಿಗೆ ತನ್ನ ಮೇಲೇ ಭಯವಾಯಿತು. ತೊಳೆದಿಟ್ಟ ಬೋಗುಣಿಯನ್ನೇ ಎಳೆದುಕೊಂಡು ಪುನಃ ತೊಳೆದಳು.

ಮರುದಿನ ಬೆಳಿಗ್ಗೆ ಮಾವನ ಕಾಲಿನ ಉಗುರು ತೆಗೆಯುತ್ತಿದ್ದಾಗ ಅವಳು ಬಾಯಿಬಿಟ್ಟಳು.

"ಬಾಪಾ, ಎದುರಿನ ಕಂಬದಿಂದ ಒಂದು ವಯರು ತರ್ಬೇಕಂತೆ."

"ಕರೆಂಟಿನದ್ದಾ?"

"ಅಲ್ಲ. ಟೀವಿಯದ್ದು."

ಮಹಮ್ಮದ್ ಕುಂಞಿಯವರು ಕಿಟಕಿಯಿಂದ ಮುಖ ತಿರುಗಿಸಿ ಅವಳನ್ನು ನೋಡಿದರು. "ಈ ಮನೆಯಲ್ಲಿ ಟೀವಿ ಉಂಟಾ?"

ಅವರು ಕೆಣಕಲು ಕೇಳಿದರೋ, ಉತ್ತರ ಬೇಕೆಂದೇ ಕೇಳಿದರೋ ಅವಳಿಗೆ ತಿಳಿಯಲಿಲ್ಲ. "ಉಂಟು" ಎಂದಳು. "ಅಡುಗೆಕೋಣೆಯ ಪಕ್ಕ."

"ನಾನು ನೋಡ್ಲಿಲ್ಲ."

"ಹೌದು. ನೀವು ನೋಡ್ಲಿಲ್ಲ."

"ಹಾಗೇ ಇರ್ಲಿ" ಎಂದರು ಅವರು. ಉಸಿರು ಎಳೆದುಕೊಂಡು ಮುಂದುವರಿಸಿದರು. "ನಾನು ನಾಲ್ಕು ಮನೆಯ ಬಾಗಿಲಿಗೆ ಹೋಗಿ ಬೇಡ ಅಂತ ಹೇಳಿದವ. ನನ್ನ ಮಾತಿಗೆ ಬೆಲೆ ಕೊಟ್ಟು ಏರಿಸಿದ ಆಂಟೆನಾ ಇಳಿಸಿದವರಿದ್ದಾರೆ. ಅವರ ಮಕ್ಕಳು ಅತ್ತದ್ದು ನಾನು ನೋಡಿದ್ದೇನೆ. ಈಗ ನನ್ನ ತಲೆಯ ಮೇಲಿಂದಲೇ ವಯರು ಹೋಗುವುದಾ? ದಾರಿಯಲ್ಲಿ ಹೋಗುವವರಿಗೆ ಕಾಣ್ತದೆ."

"ದಾರಿಯಲ್ಲಿ ಹೋಗುವವರಿಗೆ ಅದೆಲ್ಲ ನೆನಪಿಲ್ಲ ಬಾಪಾ. ಆ ನಾಲ್ಕು ಮನೆಯ ಹಿರಿಯರು ಒಬ್ಬರೂ ಈಗ ಇಲ್ಲ."

"ನಾನು ಇದ್ದೇನಲ್ಲ" ಎಂದರು ಮಹಮ್ಮದ್ ಕುಂಞಿಯವರು.

ಉಳಿದ ಉಗುರುಗಳನ್ನು ರುಕಿಯಾ ತೆಗೆದಳು. ತುಂಡುಗಳನ್ನು ಕಾಗದದಲ್ಲಿ ಬಾಚಿಕೊಂಡು ಎದ್ದಾಗ ಮಂಡಿ ಚಟಕ್ಕೆಂದಿತು.

ಆ ವಾರ ಸೆಕೆ ಏರಿತು. ಹೆದ್ದಾರಿಯ ಧೂಳು ಕಿಟಕಿಯ ಸರಳುಗಳ ಮೇಲೆ ದಿನವೂ ಕೂರುತ್ತಿತ್ತು. ಮಾವನ ಬೆನ್ನಿನಲ್ಲಿ ಹುಣ್ಣಾಗುವ ಸೂಚನೆ ಕಂಡು, ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸಲು ಡಾಕ್ಟರು ಹೇಳಿದರು. ಮಧ್ಯಾಹ್ನ ವಯರು ಹಿಡಿದರೂ ಚಿತ್ರ ಬರುತ್ತಿರಲಿಲ್ಲ. ಆದರೂ ರುಕಿಯಾ ಆ ಕೋಣೆಗೆ ಹೋಗಿ, ನೀಲಿ ಪರದೆಯ ಮುಂದೆ ಕೂತು ಬರುತ್ತಿದ್ದಳು. ಕೂರಲಿಕ್ಕೆ ಮನೆಯಲ್ಲಿ ಬೇರೆ ಜಾಗವಿರಲಿಲ್ಲವೆಂದಲ್ಲ. ಉಳಿದ ಕಡೆ ಕೂತರೆ ಕೂಡಲೇ ಯಾವುದಾದರೊಂದು ಕೆಲಸ ಕಣ್ಣಿಗೆ ಬೀಳುತ್ತಿತ್ತು.

ಸುಬ್ಬಯ್ಯನ ಫೋನು ಬಂದಾಗ ಅವಳು ಬಾವಿಕಟ್ಟೆಯಲ್ಲಿ ಮಾವನ ಬಟ್ಟೆ ಹಿಂಡುತ್ತಿದ್ದಳು.

"ಅಕ್ಕಾ, ನಾನು ನಿಮ್ಮ ಎದುರಿನ ಕಂಬದ ಹತ್ರವೇ ಇದ್ದೇನೆ, ಗೋದಾಮಿನ ಕೆಲಸಕ್ಕೆ ಬಂದದ್ದು. ಏಣಿಯೂ ಉಂಟು. ಹೇಗೆ, ಹಾಕುವುದಾ ಬೇಡವಾ? ಬೇಡ ಅಂದ್ರೆ ಹಿಂದಿನದ್ದು ತೆಗೆದುಬಿಡ್ತೇನೆ."

ಅವಳು ಹಿಂಡಿದ ಲುಂಗಿಯನ್ನು ಭುಜದ ಮೇಲೆ ಹಾಕಿಕೊಂಡಳು. ನೀರು ಬೆನ್ನಿಗಿಳಿಯಿತು.

"ಬನ್ನಿ" ಎಂದಳು.

ಸುಬ್ಬಯ್ಯ ಈ ಸಲ ಎದುರಿನ ಗೇಟಿನಿಂದ ಬಂದ. ಕೋಣೆಗೆ ಕಾಲಿಟ್ಟವನು ಮಂಚದ ಕಡೆಗೆ ಕೈ ಜೋಡಿಸಿದ. "ಹುಷಾರಿದ್ದೀರಾ ಕುಂಞಿಯಾಕ? ಸುಬ್ಬಯ್ಯ ನಾನು. ಕೇಬಲಿನವ."

ಮುದುಕರು ಅವನ ಹೆಗಲ ಮೇಲಿದ್ದ ಬಿಳಿ ವಯರಿನ ಸುರುಳಿಯನ್ನು ನೋಡಿದರು. "ಯಾರು ಬರ್ಲಿಕ್ಕೆ ಹೇಳಿದ್ದು?"

ಸುಬ್ಬಯ್ಯ ರುಕಿಯಾಳ ಮುಖ ನೋಡಿದ.

"ನಾನು ಹೇಳಿದ್ದು ಬಾಪಾ" ಎಂದಳು ಅವಳು.

ಮಹಮ್ಮದ್ ಕುಂಞಿಯವರು ಕಣ್ಣು ಮುಚ್ಚಿದರು. ಸುಬ್ಬಯ್ಯ ಡ್ರಿಲ್ಲನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. "ಬೇಡ್ವಾ ಅಕ್ಕಾ? ಅವರಿಗೆ ಮನಸ್ಸಿಲ್ಲದ ಹಾಗೆ ಕಾಣ್ತದೆ" ಎಂದ ಸಣ್ಣ ದನಿಯಲ್ಲಿ.

"ಮನಸ್ಸಿಲ್ಲ. ಹಾಕಿ."

ಕೆಂಪುಕಲ್ಲಿನ ಹುಡಿ ಬೀಳುತ್ತದೆಂದು ರುಕಿಯಾ ಒಂದು ಹಳೆಯ ಸೀರೆಯನ್ನು ಮಾವನ ಮೇಲೆ ಹರಡಿದಳು. ಮುಖ ಮುಚ್ಚಲು ಕೈ ಬರಲಿಲ್ಲ. ಅವರ ಹಣೆಯ ಮೇಲೆ ತನ್ನ ಅಂಗೈಯನ್ನು ಮರೆಯಂತೆ ಹಿಡಿದು ನಿಂತಳು. ಡ್ರಿಲ್ಲಿನ ಸದ್ದಿಗೆ ಮಂಚವೂ ನಡುಗಿತು. ಕೆಂಪು ಹುಡಿ ಅವಳ ಕೈಯ ಮೇಲೆ, ಅವರ ಬಿಳಿ ಗಡ್ಡದ ತುದಿಯ ಮೇಲೆ ಬಿತ್ತು. ಅವರು ಕಣ್ಣು ತೆರೆಯಲಿಲ್ಲ, ಕೆಮ್ಮಲೂ ಇಲ್ಲ. ವಯರು ಕಿಟಕಿಯ ಮೇಲಿಂದ ಒಳಗೆ ಬಂದು, ಗೋಡೆಯುದ್ದಕ್ಕೂ ಮೊಳೆ ಹೊಡೆಸಿಕೊಂಡು, ನಡುಕೋಣೆ ದಾಟಿ ಹಿಂದಿನ ಕೋಣೆ ಸೇರಿತು.

ಚಿತ್ರ ಬಂತು. ಅಷ್ಟು ಸ್ಪಷ್ಟವಾಗಿ ಆ ಟೀವಿಯಲ್ಲಿ ಎಂದೂ ಬಂದಿರಲಿಲ್ಲ. ಸುದ್ದಿ ಓದುವವಳ ಕಿವಿಯೋಲೆಯ ಕಲ್ಲು ಕೂಡ ಕಾಣುತ್ತಿತ್ತು. "ಇನ್ನು ನನ್ನನ್ನು ಕರೀಲಿಕ್ಕಿಲ್ಲ ನೀವು" ಎಂದು ಸುಬ್ಬಯ್ಯ ಕುಂಟುತ್ತ ಹೋದ. ಧಾರಾವಾಹಿಯ ಹೊತ್ತಾದಾಗ ರುಕಿಯಾ ಟೀವಿ ಆರಿಸಿ ಎದುರಿನ ಕೋಣೆಗೆ ಬಂದಳು.

ಮಾವ ಗಂಜಿ ಬೇಡವೆಂದು ತುಟಿ ಬಿಗಿದಿದ್ದರು. ಚಮಚ ತಾಗಿಸಿದರೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಅಲ್ಲಿ ವಯರು ಕಂಡಿರಬೇಕು, ಪುನಃ ಕಣ್ಣು ಮುಚ್ಚಿದರು. ಆ ಮಧ್ಯಾಹ್ನ ಅವರು ಲೋಟ ಬಡಿಯಲಿಲ್ಲ. ಸದ್ದಿಲ್ಲದ್ದಕ್ಕೆ ಹೆದರಿ ರುಕಿಯಾ ತಾನೇ ಹೋಗಿ ಹೋಗಿ ನೋಡಿದಳು. ಒಮ್ಮೆ ಹೋದಾಗ ಹಾಸಿಗೆ ಒದ್ದೆಯಾಗಿತ್ತು. ಕರೆಯುವುದಕ್ಕಿಂತ ಒದ್ದೆಯಲ್ಲಿ ಮಲಗುವುದೇ ವಾಸಿ ಎಂದು ಅವರು ಮಲಗಿದ್ದರು. ಬಟ್ಟೆ ಬದಲಿಸುವಾಗ ಅವಳ ಕಣ್ಣಿನಿಂದ ನೀರು ಬಂತು. ಸಿಟ್ಟೋ, ಸಂಕಟವೋ ಅವಳಿಗೇ ಗೊತ್ತಾಗಲಿಲ್ಲ.

ಸಂಜೆ ಶುಕೂರ್ ಗೇಟಿನಲ್ಲೇ ನಿಂತು ಅಂಗಳದ ಮೇಲೆ ಹಾದುಹೋದ ವಯರನ್ನು ನೋಡಿದ. ಒಳಗೆ ಬಂದವನ ಮುಖ ಕಪ್ಪಿಟ್ಟಿತ್ತು.

"ಯಾರನ್ನು ಕೇಳಿ ಹಾಕಿಸಿದ್ದು?"

"ಬಾಪನನ್ನು ಕೇಳಿದೆ. ಬೇಡ ಅಂದ್ರು. ಹಾಕಿಸಿದೆ."

ಶುಕೂರ್ ಮಂಚದ ಕಡೆ ನೋಡಿದ. "ತಲೆ ಸರಿ ಉಂಟಾ ನಿನಗೆ? ಇವತ್ತು ಊಟ ಮಾಡಿದ್ದಾರಾ ಅವರು?"

"ಇಲ್ಲ."

ಅವನು ಸ್ಟೂಲನ್ನು ಎಳೆದುಕೊಂಡು ಬಂದು ಕಿಟಕಿಯ ಬದಿಗೆ ಇಟ್ಟ. ಮೇಲೆ ಹತ್ತಿ ವಯರಿಗೆ ಕೈ ಹಾಕಿದ. ರುಕಿಯಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ದನಿ ಏರಲಿಲ್ಲ.

"ಕೀಳಿ. ನಾನು ನಾಳೆ ವಿಟ್ಲಕ್ಕೆ ಹೋಗ್ತೇನೆ. ಬೆನ್ನಿಗೆ ಮುಲಾಮು ಹಚ್ಚುವುದು, ಮಗ್ಗುಲು ಬದಲಿಸುವುದು ಎಲ್ಲ ಹೇಗೆಂತ ಇವತ್ತೇ ಹೇಳಿಕೊಡ್ತೇನೆ. ನೀವು ಅಂಗಡಿ ಮುಚ್ಚಿ ಮನೆಯಲ್ಲಿರಿ."

"ಒಂದು ಟೀವಿಗಾಗಿಯಾ?" ಎಂದ ಶುಕೂರ್, ಮೇಲಿನಿಂದಲೇ.

"ಹೌದು. ಒಂದು ಟೀವಿಗಾಗಿ."

ಹೇಳಿದ ಮೇಲೆ ಅವಳಿಗೆ ಮಂಚದ ಕಡೆ ನೋಡಲು ಧೈರ್ಯ ಸಾಲಲಿಲ್ಲ. ಮಲಗಿದವರ ಎದುರೇ ಅವರನ್ನು ಯಾರು ನೋಡಿಕೊಳ್ಳಬೇಕೆಂದು ಗಂಡಹೆಂಡಿರು ವಾದ ಮಾಡಿದ್ದರು. ಶುಕೂರನ ಕೈ ವಯರಿನ ಮೇಲೆಯೇ ಇತ್ತು. ಹೊರಗೆ ದಾರಿಯಲ್ಲಿ ಯಾರೋ ಬೈಕು ನಿಧಾನಿಸಿ, ಸ್ಟೂಲಿನ ಮೇಲೆ ನಿಂತ ಅವನನ್ನು ನೋಡಿ, ಮುಂದೆ ಹೋದರು. ಅವನು ಕೈ ತೆಗೆದ. ಇಳಿಯುವಾಗ ಗೋಡೆ ಹಿಡಿದುಕೊಂಡ. ಅವನಿಗೂ ಅರುವತ್ತು ದಾಟಿತ್ತು.

"ಶುಕೂರಾ" ಎಂದರು ಮಹಮ್ಮದ್ ಕುಂಞಿಯವರು. ವಯರು ಒಳಗೆ ಬಂದ ಮೇಲೆ ಆಡಿದ ಮೊದಲ ಮಾತು. ಗಂಟಲು ಒಣಗಿ ದನಿ ಹರಿದಿತ್ತು.

"ಎಂತ ಬಾಪಾ?"

"ಮಂಚ ತಿರುಗಿಸು."

"ಎಲ್ಲಿಗೆ?"

"ಒಳಗಿನ ಕಡೆಗೆ. ನನಗೆ ಅದು ಕಾಣ್ಬಾರದು."

ಶುಕೂರ್ ತಲೆಯ ಕಡೆ ಹಿಡಿದ, ರುಕಿಯಾ ಕಾಲಿನ ಕಡೆ. ತೇಗದ ಹಲಗೆಗೆ ಕಬ್ಬಿಣ ಬಿಗಿದ ಹಳೆಯ ಮಂಚ, ಅದರ ಮೇಲೆ ಮನುಷ್ಯನ ಭಾರ. ಒಮ್ಮೆಗೆ ಗೇಣಿನಷ್ಟು ಸರಿಯುತ್ತಿತ್ತು. ನಡುವೆ ನಿಂತು ಇಬ್ಬರೂ ಉಸಿರು ಬಿಟ್ಟರು. ಮಂಚದ ಕಾಲುಗಳು ಸಿಮೆಂಟಿನ ನೆಲದ ಮೇಲೆ ಎರಡು ಬಿಳಿ ಗೆರೆ ಎಳೆದವು. ಕೊನೆಗೆ ಮುದುಕರ ತಲೆ ಕಿಟಕಿಯ ಅಡಿಗೂ, ಮುಖ ಮನೆಯ ಒಳಗಿನ ಕಡೆಗೂ ಆಯಿತು. ರುಕಿಯಾ ದಿಂಬು ಸರಿಮಾಡಿ, ಗಂಜಿ ಬಿಸಿ ಮಾಡಿ ತಂದಳು. ಅವರು ಸ್ವಲ್ಪವೇ ಕುಡಿದರು. ಬಾಯಿ ಒರೆಸಲು ಹೋದಾಗ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಒರೆಸಿಕೊಂಡರು.

ಮರುದಿನ ಶುಕೂರ್ ಎಂದಿನಂತೆ ಅಂಗಡಿಗೆ ಹೋದ. ರುಕಿಯಾ ವಿಟ್ಲಕ್ಕೆ ಹೋಗಲಿಲ್ಲ. ಮಧ್ಯಾಹ್ನ ಮಾವನಿಗೆ ಗಂಜಿ ಕೊಟ್ಟು, ಮಗ್ಗುಲು ಬದಲಿಸಿ, ಹಿಂದಿನ ಕೋಣೆಗೆ ಬಂದಳು. ಬಾಗಿಲು ಎಳೆಯಲು ಹಿಡಿಯ ಮೇಲೆ ಕೈ ಇಟ್ಟಾಗ ನಡುಕೋಣೆಯ ಆಚೆ ಮಂಚ ಕಾಣಿಸಿತು. ಮಹಮ್ಮದ್ ಕುಂಞಿಯವರು ಮಲಗಿರಲಿಲ್ಲ. ದಿಂಬಿನ ಮೇಲಿಂದ ಇತ್ತಲೇ ನೋಡುತ್ತಿದ್ದರು. ಈ ಕೋಣೆಯ ಬಾಗಿಲು, ಅದರೊಳಗಿನ ಚಾಪೆ, ಟೀವಿಯ ಒಂದು ಅಂಚು, ಎಲ್ಲವೂ ಅವರಿಗೆ ಅಲ್ಲಿಂದ ನೆಟ್ಟಗೆ ಕಾಣುತ್ತಿರಬೇಕು.

ಅವಳು ಬಾಗಿಲನ್ನು ಹಾಗೆಯೇ ಬಿಟ್ಟಳು. ಟೀವಿ ಹಾಕಿದಳು. ಮಾತುಗಳು ಒಂದೂ ತುಂಡಾಗದೆ ಮನೆಯೊಳಗೆ ಹರಿದವು. ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ.

ಚಾಪೆಯ ಮೇಲೆ ಕೂತು ಗೋಡೆಗೆ ಬೆನ್ನು ಕೊಟ್ಟಾಗ ಸೊಂಟದಿಂದ ಒಂದು ನೋವು ಎದ್ದು ಕಾಲಿನವರೆಗೆ ಇಳಿಯಿತು. ಅವಳು ಕಾಲು ಚಾಚಿದಳು. ಹಿಮ್ಮಡಿ ಒಡೆದ, ನೀರಿನಲ್ಲಿ ನೆನೆದು ಬೆಳ್ಳಗಾದ ಎರಡು ಅಂಗಾಲುಗಳು ಬಾಗಿಲಿನ ನೇರಕ್ಕೆ, ಮಂಚದ ಕಡೆಗೆ ಮುಖ ಮಾಡಿದವು. ಮಾವನ ಎದುರಿಗೆ ಎಂದೂ ಹಾಗೆ ಕೂತವಳಲ್ಲ. ತಟ್ಟನೆ ಮಡಚಲು ಮಂಡಿಗೆ ಕೈ ಹಾಕಿದಳು. ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವಳು ಕೈಯನ್ನು ಮಡಿಲಿಗೆ ತೆಗೆದುಕೊಂಡಳು. ಕಾಲುಗಳು ಹಾಗೆಯೇ ಇದ್ದವು.